ಉದ್ದ ತೋಳಿನ ಅಂಗಿ

ತೆಂಬಿಸಾ
ಭಾನುವಾರ, ಆಗಸ್ಟ್ 16

ನನ್ನ ಬಸಾನಿ,

ಅಮ್ಮನ ಮೇಲಿನ ಸಿಟ್ಟನ್ನು ಅನ್ನದ ಮೇಲೆ ತೋರಿಸುತ್ತಿಲ್ಲ ತಾನೆ? ನಿನ್ನೆಯಿಂದ ಒಂಬತ್ತು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಮೆಸೇಜ್ ಕಳಿಸೋಣವೆಂದರೆ, ಚುನಾವಣೆ ಶುರುವಾದ ಮೇಲೆ ನಿನ್ನ ಫೋನು ನಿನ್ನ ಕೈಯಲ್ಲಿರುವುದಕ್ಕಿಂತ ಪಕ್ಷದವರ ಕೈಯಲ್ಲಿರುವುದೇ ಹೆಚ್ಚು. ಅದಕ್ಕೇ ಈ ಕಾಗದ. ನಿನ್ನದೇ ಶಾಲೆಯ ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದಿದ್ದೇನೆ, ಬೈಯಬೇಡ. ಬಾಗಿಲು ಹಾಕಿಕೊಂಡು ಒಬ್ಬಳೇ ಓದು.

ನಿನ್ನೆ ಲಾಂಡ್ರಿಯ ಮುಂದೆ ನಾನು ನಿನ್ನ ಮಾನ ತೆಗೆದದ್ದು ನಿಜ. ಕರಪತ್ರದ ಮೇಲೆ ತಾಯಿ ಮಗಳ ಫೋಟೋ ಹಾಕಬೇಕು, ಮೂವತ್ತು ವರ್ಷ ಹೋಟೆಲಿನವರ ಹಾಸಿಗೆ ಬಟ್ಟೆ ಒಗೆದ ತಾಯಿಯ ಮಗಳು ವಾರ್ಡಿಗೆ ನಿಂತಿದ್ದಾಳೆ ಎಂದು ಜನಕ್ಕೆ ಗೊತ್ತಾಗಬೇಕು ಎಂದು ನೀನು ತಿಂಗಳಿಂದ ಹೇಳುತ್ತಿದ್ದೆ. ನಾನೂ ಖುಷಿಯಿಂದ ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡೇ ಬಂದಿದ್ದೆ. ಆ ಫೋಟೋದವನು, "ಅಮ್ಮಾ, ತೋಳು ಸ್ವಲ್ಪ ಮೇಲಕ್ಕೆ ಮಡಚ್ಕೊಳ್ಳಿ, ದುಡಿಯೋ ಕೈ ಕಾಣ್ಬೇಕು" ಅಂದ. ಚಳಿಗಾಲ ಮುಗಿದಿಲ್ಲ, ಚಳಿ ಅಂದೆ. ನೀನು ನಗುತ್ತಾ ಬಂದು, "ಇವ್ಳು ಸ್ನಾನಕ್ಕೂ ತೋಳು ಇಳಿಸ್ಕೊಂಡೇ ಹೋಗ್ತಾಳೆ" ಎಂದು ನನ್ನ ತೋಳಿನ ಗುಂಡಿಗೆ ಕೈ ಹಾಕಿದೆ. ನಾನು ನಿನ್ನ ಕೈಗೆ ಫಟ್ಟನೆ ಹೊಡೆದು ಟ್ಯಾಕ್ಸಿ ಹತ್ತಿ ಬಂದುಬಿಟ್ಟೆ. ಮೂವತ್ತೊಂದು ವರ್ಷದಲ್ಲಿ ನಿನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಮನೆಗೆ ಬಂದು ಆ ಕೈಯನ್ನೇ ನೋಡುತ್ತಾ ಕೂತಿದ್ದೆ.

ಕಾರಣ ಬರೆಯಬೇಕೆಂದೇ ಕೂತಿದ್ದೇನೆ. ಆದರೆ ಪೆನ್ನು ಬೇರೆ ಕಡೆಗೇ ಹೋಗುತ್ತದೆ. ಮೊದಲು ಸಭೆಯ ಮಾತು ಹೇಳಿಬಿಡುತ್ತೇನೆ.

ಎರಡು ವಾರದ ಹಿಂದೆ ಶಾಲೆಯ ಸಭಾಂಗಣದಲ್ಲಿ ನಮ್ಮ ಪಕ್ಷದ ಶಾಖೆಯ ಸಭೆ ಸೇರಿತ್ತಲ್ಲ, ಕ್ಲಿನಿಕ್ಕಿನ ಗೇಟಿನಲ್ಲಿ ಗುರುತಿನ ಚೀಟಿ ನೋಡಬೇಕು, ಹೊರದೇಶದವರನ್ನು ಒಳಗೆ ಬಿಡಬಾರದು ಎಂಬ ನಿನ್ನ ನಿರ್ಣಯಕ್ಕೆ. ನೀನು ಚೆನ್ನಾಗಿ ಮಾತಾಡಿದೆ, ಇಲ್ಲವೆನ್ನುವುದಿಲ್ಲ. ಹತ್ತು ಗಂಟೆಗೆಲ್ಲ ಮಾತ್ರೆ ಮುಗಿದುಹೋಗುವುದು ಸುಳ್ಳೇ? ನನ್ನ ರಕ್ತದೊತ್ತಡದ ಮಾತ್ರೆಗೆ ನಾನೇ ಎಷ್ಟು ಸಲ ಬರಿಗೈಯಲ್ಲಿ ಬಂದಿದ್ದೇನೆ. ನಿನ್ನ ಬಲಗೈ ಲೆಫಾ ಎದ್ದು, ಕಾರ್ಖಾನೆ ಮುಚ್ಚಿ ಎಂಟು ವರ್ಷವಾಯಿತು, ಇರುವ ಕೆಲಸವನ್ನೂ ಹೊರಗಿನವರು ಅರ್ಧ ಕೂಲಿಗೆ ಮಾಡುತ್ತಾರೆ, ಮಕ್ಕಳ ಮುಂದೆ ತಲೆ ಎತ್ತಲಾಗುತ್ತಿಲ್ಲ ಎಂದಾಗ ನನಗೂ ಅಳು ಬಂತು. ಕಾರ್ಮಿಕ ಸಂಘದ ಹಿರಿಯ ಸೆಲೆಪೆ ತಾತ ಕೋಲೂರಿ ನಿಂತು, "ಕೂಲಿ ಇಳಿಸಿದ್ದು ಆ ಬಡವ್ರಲ್ಲ ಕಣಪ್ಪಾ, ಮಾಲೀಕ. ಅವ್ರನ್ನೂ ಸಂಘಕ್ಕೆ ಸೇರಿಸ್ಕೊಳಿ, ಆಮೇಲೆ ಯಾರಿಗೆ ಅರ್ಧ ಕೂಲಿ ಕೊಡ್ತಾನೆ ನೋಡೋಣ" ಅಂದರು. ಲೆಫಾ ಬಿಡಲಿಲ್ಲ. "ತಾತಾ, ನಿಮ್ಮ ಸಂಘ ನಮ್ ಬೀದಿಗೆ ಕೊನೇ ಸಲ ಯಾವಾಗ ಬಂದಿತ್ತು? ನಿಮ್ ಕೂದ್ಲು ಕಪ್ಪಗಿದ್ದಾಗ್ಲಾ?" ಎಂದ. ಸಭೆಯೆಲ್ಲ ನಕ್ಕಿತು. ತಾತನೂ ನಕ್ಕು ಕೂತರು.

ಆಮೇಲೆ ಕೈ ಎತ್ತುವ ಹೊತ್ತು ಬಂತು. ನಿರ್ಣಯ ಬಿದ್ದರೆ ನಿನ್ನ ಟಿಕೆಟ್ಟೂ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಿರಿಯರೆಂದು ಎಣಿಸಲು ನಿಲ್ಲಿಸಿದ್ದು ಸೆಲೆಪೆ ತಾತನನ್ನೇ. ನಾನು ಅಂದು ನಿನ್ನಪ್ಪನ ಹಳೆಯ ಕೋಟು ಹಾಕಿಕೊಂಡಿದ್ದೆ. ಒಳಗಿನ ಅಂಗಿಯ ಗುಂಡಿ ಕಿತ್ತುಹೋಗಿದ್ದು ನನಗೆ ಗೊತ್ತಿರಲಿಲ್ಲ. ನಿನಗಾಗಿ ಕೈ ಎತ್ತಿದೆ ಬಸಾನಿ, ಎಲ್ಲರಿಗಿಂತ ಎತ್ತರಕ್ಕೆ ಎತ್ತಿದೆ. ತೋಳು ಜಾರಿ ಮೊಣಕೈಗೆ ಬಂತು.

ತಾತ ಕೋಲು ತೋರಿಸುತ್ತಾ ಎಣಿಸಿಕೊಂಡು ಬಂದವರು ನನ್ನ ಹತ್ತಿರ ನಿಂತುಬಿಟ್ಟರು. ನನ್ನ ಮುಂಗೈಯನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಅವರು ಮೆಲ್ಲಗೆ, "ಚಳಿ ಇದೆ ಮಗಳೇ, ತೋಳು ಇಳಿಸ್ಕೋ. ನಿನ್ನ ಕೈ ಎಣಿಸಿದ್ದೀನಿ" ಎಂದು ಮುಂದೆ ಹೋದರು. ನಿರ್ಣಯದ ಪರ ಮೂವತ್ತೇಳು, ವಿರುದ್ಧ ಮೂವತ್ತಾರು. ನೀನು ವೇದಿಕೆಯ ಮೇಲೆ ಕುಣಿಯುತ್ತಿದ್ದೆ. ತಾತ ಮಾರನೆಯ ದಿನ ಪಕ್ಷದ ಕಾರ್ಡು ವಾಪಸು ಕೊಟ್ಟರು, ಅವರ ಹಿಂದೆ ಸಂಘದ ಹಳಬರೆಲ್ಲ ಹೋದರು. ಸೋತ ಮುದುಕನ ಮುನಿಸು ಎಂದು ನೀನು ಆಡಿಕೊಂಡೆ. ಒಂದೇ ಒಂದು ಮಾತು ಆಡಿದ್ದರೆ ಆ ಮುದುಕ ಗೆದ್ದಿರುತ್ತಿದ್ದರು, ನೀನು ಬೀದಿಯಲ್ಲಿರುತ್ತಿದ್ದೆ.

ಈಗ ಹೇಳುತ್ತೇನೆ. ನನ್ನ ಎಡಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಇರುವ ದುಂಡನೆಯ ಗುರುತು ಇಸ್ತ್ರಿಪೆಟ್ಟಿಗೆ ತಾಗಿದ್ದಲ್ಲ. ನೀನು ಚಿಕ್ಕವಳಿದ್ದಾಗ ಅದರ ಮೇಲೆ ಊದಿ ಊದಿ "ಉರಿ ಹೋಯ್ತಾ ಅಮ್ಮಾ?" ಎಂದು ಕೇಳುತ್ತಿದ್ದೆ. ಅದು ಲಸಿಕೆಯ ಗುರುತು. ಇಲ್ಲಿಯವರಿಗೆ ಹೆಗಲ ಹತ್ತಿರ ಹಾಕುತ್ತಿದ್ದರು. ಮುಂಗೈಗೆ ಹಾಕುತ್ತಿದ್ದುದು ಗಡಿಯ ಆಚೆ, ಮೊಜಾಂಬಿಕ್‌ನಲ್ಲಿ.

ನಾನು ಅಲ್ಲಿಯವಳು ಮಗಳೇ. ಹದಿನೇಳು ವರ್ಷವಿದ್ದಾಗ ಯುದ್ಧ ನಮ್ಮ ಊರನ್ನು ಸುಟ್ಟಿತು. ಪ್ರಾಣಿಗಳಿರುವ ಕಾಡಿನೊಳಗೆ ಐದು ದಿನ ನಡೆದು ಈ ಕಡೆಗೆ ಬಂದೆ. ಹನ್ನೊಂದು ಜನ ಹೊರಟಿದ್ದೆವು, ಏಳು ಜನ ತಲುಪಿದೆವು. ಬುಶ್‌ಬಕ್‌ರಿಜ್ ಹತ್ತಿರದ ಹಳ್ಳಿಯಲ್ಲಿ ಮಖುಬೆಲೆ ಅಜ್ಜಿ ಜೋಳದ ಮುದ್ದೆ ಇಟ್ಟು ಒಳಗೆ ಕರೆದಳು. ಭಾಷೆ ಒಂದೇ, ಯಾರೂ ಕೇಳಲಿಲ್ಲ. ಅವಳ ಮಗಳು ಜ್ವರದಲ್ಲಿ ಹೋಗಿದ್ದಳು, ಸಾವನ್ನು ಯಾರೂ ಬರೆಸಿರಲಿಲ್ಲ. ಆ ಹುಡುಗಿಯ ಜನನ ಪತ್ರವನ್ನು ನನ್ನ ಕೈಗಿಟ್ಟು, "ಇವತ್ತಿಂದ ನೀನೇ ನನ್ನ ತ್ಸಾಕಾನಿ" ಅಂದಳು. ನಿನ್ನ ಅಜ್ಜಿಯದೆಂದು ನೀನು ನೀರು ಹಾಕಿ ಬರುವುದು ಅವಳ ಸಮಾಧಿಗೇ. ನಿನ್ನಪ್ಪನಿಗೆ ಎಲ್ಲ ಗೊತ್ತಿತ್ತು. ಅವರು ಇಲ್ಲಿಯವರೇ, ಆದ್ದರಿಂದ ನಿನಗೇನೂ ಆಗದು. ಜೈಲಿಗೋ ಗಡಿಯಾಚೆಗೋ ಹೋಗಬೇಕಾದವಳು ನಾನೊಬ್ಬಳೇ.

ಆ ಕಾಲದಲ್ಲಿ ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ಮುಂಗೈ ನೋಡುತ್ತಿದ್ದರು. ಆಮೇಲೆ ಹೊರಗಿನವರನ್ನು ಬಡಿದು ಅಟ್ಟಿದ ಒಂದು ಚಳಿಗಾಲದಲ್ಲಿ ಗುಂಪುಗಳೂ ನೋಡಿದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ. ನಾನು ಮೂವತ್ತೊಂಬತ್ತು ವರ್ಷ ಮುಂಗೈ ಮುಟ್ಟಿಕೊಂಡಿದ್ದೇನೆ. ಲಾಂಡ್ರಿಯಲ್ಲಿ ಡಿಸೆಂಬರಿನ ಬೇಸಿಗೆಯ ಸೆಕೆಯಲ್ಲೂ ಒದ್ದೆ ತೋಳಿನಲ್ಲೇ ಕೆಲಸ. "ರಾಣಿಯಮ್ಮ ಬಂದ್ಲು, ಕೈ ಬಿಸ್ಲಿಗೆ ಕಪ್ಪಾಗುತ್ತೆ" ಎಂದು ಹೆಂಗಸರು ಅಣಕಿಸುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ.

ಸುಮ್ಮನೆ ಇದ್ದುಬಿಡುತ್ತಿದ್ದೆನೇನೋ. ಆದರೆ ಗುರುವಾರ ನಡೆದದ್ದು ನಿನ್ನವರೆಗೆ ಬಂದಿಲ್ಲವೆಂದು ಕಾಣುತ್ತದೆ. ನನ್ನ ಜೊತೆ ಬಟ್ಟೆ ಮಡಿಸುವ ಮೇಜಿನಲ್ಲಿ ಕೆಲಸ ಮಾಡುವ ಫೆಲಿಝಾರ್ಡಾ, ಮೊಜಾಂಬಿಕ್‌ನವಳು, ಏಳು ತಿಂಗಳ ಬಸುರಿ. ಕಾಲು ಊದಿದೆ, ರಕ್ತದೊತ್ತಡ ಏರಿದೆ, ವಾರಕ್ಕೊಮ್ಮೆ ತೋರಿಸಲೇಬೇಕೆಂದು ನರ್ಸಮ್ಮ ಹೇಳಿದ್ದಾರೆ. ಅವಳ ಹತ್ತಿರ ಸರಿಯಾದ ಕಾಗದ ಇತ್ತು. ಕ್ಲಿನಿಕ್ಕಿನ ಗೇಟಿನಲ್ಲಿ ನಿಂತಿದ್ದ ಲೆಫಾ ಕಾಗದ ತೆರೆಯಲೇ ಇಲ್ಲವಂತೆ. "ಕಾಗ್ದ ದುಡ್ಡಿಗೆ ಸಿಗುತ್ತೆ, ತೋಳು ಮೇಲೆತ್ತು" ಅಂದನಂತೆ. ಗುರುತು ನೋಡಿ ಹಿಂದಕ್ಕೆ ಕಳಿಸಿದ. ಶುಕ್ರವಾರ ಅವಳು ಮೇಜು ಹಿಡಿದುಕೊಂಡೇ ಹೊದಿಕೆ ಮಡಿಸುತ್ತಿದ್ದಳು, ಕಣ್ಣ ಮುಂದೆ ಚುಕ್ಕೆ ಬರುತ್ತಿವೆ ಎಂದಳು. ನಿನ್ನ ನಿರ್ಣಯದಲ್ಲಿ ತೋಳಿನ ಮಾತಿರಲಿಲ್ಲ, ಚೀಟಿಯ ಮಾತಷ್ಟೇ ಇತ್ತು. ಅವರಿಗೆ ಇದನ್ನು ಯಾರು ಹೇಳಿಕೊಟ್ಟರೋ ನನಗೆ ತಿಳಿಯದು.

ಮರುದಿನವೇ ನೀನು ನಗುತ್ತಾ ನನ್ನ ತೋಳಿಗೆ ಕೈ ಹಾಕಿದೆ, ಲೆಫಾ ಅಲ್ಲೇ ಬಾವುಟ ಹಿಡಿದು ನಿಂತಿದ್ದ. ಇನ್ನೇನು ಮಾಡಲಿ ಹೇಳು. ಹೊಡೆದೆ.

ನೀನು ಕೆಟ್ಟವಳೆಂದು ನಾನು ಬರೆಯುತ್ತಿಲ್ಲ. ನಮ್ಮ ಬೀದಿಯ ಕಷ್ಟ ನೋಡಿಯೇ ನೀನು ರಾಜಕೀಯಕ್ಕೆ ಹೋದವಳು. ಜೋಪಡಿಗಳ ಮಧ್ಯೆ ಮಾತ್ರೆಗೂ ನೀರಿಗೂ ಜಗಳ ಹಚ್ಚಿ ದೊಡ್ಡವರು ದೂರದಲ್ಲಿ ಕೂತಿದ್ದಾರೆ ಎಂದು ನೀನೇ ಒಮ್ಮೆ ನನಗೆ ಹೇಳಿದ್ದೆ, ನೆನಪಿದೆಯೇ? ಗೆಲ್ಲಬೇಕೆಂಬ ಆಸೆಯಲ್ಲಿ ಆ ಮಾತನ್ನು ಎಲ್ಲೋ ಬಿಟ್ಟೆ. ನನಗೆ ನಿನ್ನ ಮೇಲೆ ಸಿಟ್ಟೂ ಇದೆ, ಭಯವೂ ಇದೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಹೆದರುವ ಗತಿ ಯಾವ ತಾಯಿಗೂ ಬೇಡ.

ಕೇಳುವುದೊಂದೇ. ನಾಳೆ ಸೋಮವಾರ ಫೆಲಿಝಾರ್ಡಾ ಮತ್ತೆ ಹೋಗಬೇಕು. ಗೇಟಿನಿಂದ ಜನರನ್ನು ತೆಗೆಸು. ನೀನು ಹೇಳಿದರೆ ಲೆಫಾ ಕೇಳುತ್ತಾನೆ, ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಟಿಕೆಟ್ಟು ಹೋಗಬಹುದು, ಗೊತ್ತು. ಈ ಕಾಗದ ತರುವವರು ಸೆಲೆಪೆ ತಾತ. ಒಳಗೇನಿದೆಯೆಂದು ಅವರು ಕೇಳಲಿಲ್ಲ. ಅವರಿಗೆ ಒಂದು ಲೋಟ ಚಹಾ ಕೊಡು, ಸಕ್ಕರೆ ಮೂರು ಚಮಚ.

ಹೆಸರು ಯಾವುದಾದರೂ ನಿನಗೆ ಅಮ್ಮನೇ ಆದ,
ತ್ಸಾಕಾನಿ
(ಹುಟ್ಟಿದಾಗ ಇಟ್ಟ ಹೆಸರು ಗ್ರಾಸಿಂಡಾ. ಬರೆದು ಎಷ್ಟು ಕಾಲವಾಯಿತೋ, ಅಕ್ಷರ ಸೊಟ್ಟಗಾಗಿದೆ.)

ತಾ.ಕ. ಲಕೋಟೆ ಅಂಟಿಸಿ ಮತ್ತೆ ಒಡೆದೆ. ಯಾರು ಹೇಳಿಕೊಟ್ಟರೋ ತಿಳಿಯದು ಎಂದು ಮೇಲೆ ಬರೆದದ್ದು ಸುಳ್ಳು. ಹೇಳಿಕೊಟ್ಟವಳು ನಾನು. ಬುಧವಾರ ಲೆಫಾ ನಮ್ಮ ಮನೆಯಲ್ಲಿ ಉಣ್ಣುತ್ತಾ, ಕಳ್ಳ ಚೀಟಿ ಹಿಡಿಯೋದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದ. ನಡುವೆ ತಮಾಷೆಗೆ, "ಅಮ್ಮಾ, ನಿಮ್ಮ ಮಾತೂ ಒಂಚೂರು ಆ ಕಡೇದ್ರ ಥರಾನೇ ಇದೆಯಲ್ಲ" ಅಂದ. ಅವನ ಗಮನ ಬೇರೆಡೆಗೆ ಹೋಗಲಿ ಎಂದು, "ಆ ಕಡೇವ್ರನ್ನ ಹಿಡೀಬೇಕಾದ್ರೆ ಮುಂಗೈ ನೋಡ್ಬೇಕಪ್ಪಾ" ಎಂದು ನಾನೇ ಬಾಯಿಬಿಟ್ಟೆ. ಅವನು ಇನ್ನೊಂದು ಮುದ್ದೆ ಹಾಕಿಸಿಕೊಂಡು ಹೋದ. ಹೋದ ಕ್ರಿಸ್‌ಮಸ್‌ಗೆ ನೀನು ತಂದುಕೊಟ್ಟ ನೀಲಿ ಅಂಗಿ, ತೋಳು ಗಿಡ್ಡವೆಂದು ಪೆಟ್ಟಿಗೆಯ ತಳದಲ್ಲಿಟ್ಟಿದ್ದೆನಲ್ಲ, ಅದನ್ನು ತೆಗೆದು ಇಸ್ತ್ರಿ ಮಾಡಿದ್ದೇನೆ. ನಾಳೆ ಬೆಳಗ್ಗೆ ಆರೂವರೆಗೆ ಸರದಿಯಲ್ಲಿ ಫೆಲಿಝಾರ್ಡಾಳ ಮುಂದೆ ನಿಂತಿರುತ್ತೇನೆ. ಲೆಫಾ ಮೊದಲು ನನ್ನ ಕೈ ನೋಡಲಿ. ನೀನು ಬರುವುದಾದರೆ ಕೋಟು ಹಾಕಿಕೊಂಡು ಬಾ, ಬೆಳಗಿನ ಹೊತ್ತು ಗಾಳಿ ಜೋರಿರುತ್ತದೆ.