ನಿಂತು ಓಡಿಸುವ ಗಾಡಿ

ಅನ್ನಪೂರ್ಣಾ,

ಹದಿನಾರು ವರ್ಷದ ಹಿಂದೆ ಬೆಲ್ಲದ ಚೀಲಗಳು ಉರುಳಿ ನಮ್ಮ ಹಮಾಲ ಶೆಟ್ಟೆಪ್ಪ ಕಾಕಾನ ಮೊಣಕಾಲು ಮುರಿದಾಗ, "ಗೋದಾಮಿಗೆ ಚೀಲ ಎತ್ತೋ ಫೋರ್ಕ್‌ಲಿಫ್ಟ್ ಗಾಡಿ ಬರ್ಲಿ, ನೀನ ಕುಂತು ಹೊಡೀಬೇಕು" ಎಂದು ನಾನೇ ಮಾತು ಕೊಟ್ಟಿದ್ದೆ. ಮೊನ್ನೆಯೂ ನಗುತ್ತ ಕೇಳಿದ: "ಅಕ್ಕಾರ, ಸೀಟ ಮೆತ್ತಗ ಐತೇನ್ರಿ?"

ನೀನು ಅಳೆದದ್ದೇ ಸರಿ. ನಾನೂ ಮತ್ತೆ ಟೇಪು ಹಿಡಿದು ನೋಡಿದೆ. ಕೂತು ಓಡಿಸುವ ಗಾಡಿ ನಮ್ಮ ಚೀಲದ ಸಾಲುಗಳ ನಡುವೆ ತಿರುಗುವುದಿಲ್ಲ. ಗಾಡಿ ಮಾರುವ ಗೋಕಾಕದ ಏಜೆಂಟ್ ಹತ್ತು ಗಂಟೆಗೆ ಬರುತ್ತಾನೆ, ನಿಂತು ಓಡಿಸುವ ಬ್ಯಾಟರಿ ಗಾಡಿಯನ್ನೇ ಹೇಳಿಬಿಡು. ಚಾರ್ಜರ್‌ಗೆ ಬಾಗಿಲ ಬಾಜೂ ಗೋಡೆ ತೋರಿಸು.

ಆ ಕಾಲಿನಲ್ಲಿ ಕಾಕಾ ಹತ್ತು ನಿಮಿಷ ನಿಲ್ಲಲಾರ. ಫೋನ್ ಮಾಡಿದರೆ ನೀನೇನೂ ಹೇಳಬೇಡ. ಮೊದಲ ಬಸ್ಸಿಗೆ ನಾನೇ ಘೋಡಗೇರಿಗೆ ಅವನ ಮನೆಗೆ ಹೋಗಿ ಹೇಳುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಉಂಡು ಹೋಗು.

ಕೊಟ್ಟ ಮಾತು ನಾನು ಉಳಿಸಿಕೊಳ್ಳಲಿಲ್ಲ.

ಅವ್ವ