ಒಂಬತ್ತೂವರೆಯ ಬಾಯಿಬಡುಕಿ

ಮಾರ್ಚ್ 3, ಸೋಮವಾರ

ಮೂರು ಯೂನಿಫಾರ್ಮ್, ಎರಡು ಪ್ಯಾಂಟ್ ಆಲ್ಟರೇಷನ್. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಎಂಟರ ವಾರ್ತೆ ಮುಗಿದ ಮೇಲೆ ರೇಡಿಯೋ ಆಫ್ ಮಾಡುವುದು ನನ್ನ ರೂಢಿ. ವಾರ್ತೆ ಓದುವ ಹಿರಿಯರು ಒಂದು ಮಾತು ಹೆಚ್ಚು ಆಡುವವರಲ್ಲ. ಅದಕ್ಕೇ ಇಷ್ಟ.

ಇವತ್ತು ತಂಗಿ ಸ್ಟೇಷನ್ ತಿರುಗಿಸಿದಳು. ಒಂಬತ್ತೂವರೆಗೆ ಒಬ್ಬಳು ಬರುತ್ತಾಳೆ — ಬಾಯಿಬಡುಕಿ. ಹಾಡಿನ ಮಧ್ಯೆಯೂ ಮಾತು, ತನ್ನ ಜೋಕಿಗೆ ತಾನೇ ನಗು. ತಲೆನೋವು.

ತಂಗಿ ಗಂಡನನ್ನು ಬಿಟ್ಟು ಬಂದು ಒಂಬತ್ತು ದಿನ. ಅಂಗಡಿ ಹಿಂದಿನ ರೂಮಿನಿಂದ ಹೊರಗೆ ಬರುವುದಿಲ್ಲ. ತೋಳಿನ ಮೇಲಿನ ಏಟಿನ ಕಲೆ ಹಳದಿಗೆ ತಿರುಗಿದೆ. ಈ ಅಂಗಡಿ ಅವನಿಗೆ ಗೊತ್ತಿಲ್ಲ. ನಾನು ಇಲ್ಲಿಗೆ ಬಂದು ನಾಲ್ಕೇ ತಿಂಗಳು.

ಮಾರ್ಚ್ 6, ಗುರುವಾರ

ತಂಗಿ ನಕ್ಕಳು. ಬಾಯಿಬಡುಕಿಯ ಅತ್ತೆ ಗೊರಕೆ ಹೊಡೆದರೆ ಪಕ್ಕದ ಮನೆಯವರು ಬಾಗಿಲು ತೆಗೆಯುತ್ತಾರಂತೆ, ಯಾರೋ ಬೈಕಲ್ಲಿ ಬಂದರು ಅಂತ. ದೊಡ್ಡ ಜೋಕೇನಲ್ಲ. ಗುಂಡಿ ಹೊಲಿಯುತ್ತಿದ್ದವಳು ಸೂಜಿ ಕೆಳಗಿಟ್ಟು ನಕ್ಕಳು.

ಈಗ ವಾರ್ತೆ ಆದ ಮೇಲೆ ನಾನೇ ಸ್ಟೇಷನ್ ಬದಲಾಯಿಸಿ ಕಾಯುತ್ತೇನೆ. ಬಾಯಿಬಡುಕಿ ಬಗ್ಗೆ ಬರೆದದ್ದು ವಾಪಸ್.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ 10:15

ತಪ್ಪು ಮಾಡಿದೆ. ನಿನ್ನೆ ಆ ಶೋಗೆ ಫೋನಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದೆ. ಥ್ಯಾಂಕ್ಸ್ ಹೇಳೋಣ ಅಂತ. ಹೆಸರು ಹೇಳಲಿಲ್ಲ. ಆದರೆ ಬಸ್ ಡಿಪೋ ರಸ್ತೆ, ಗಡಿಯಾರ ರಿಪೇರಿ ಪಕ್ಕದ ಟೈಲರ್ ಅಂದೆ. ತಂಗಿ ಬಂದಿದ್ದಾಳೆ, ಬಹಳ ದಿನದ ಮೇಲೆ ನಕ್ಕಳು ಅಂದೆ.

ಇವತ್ತು 9:40ಕ್ಕೆ ರೇಡಿಯೋದಲ್ಲಿ ನನ್ನದೇ ದನಿ. ಆಮೇಲೆ ಬಾಯಿಬಡುಕಿ, "ಡಿಪೋ ರಸ್ತೆಯ ಟೈಲರ್ ಅಕ್ಕ" ಅಂತ ಮೂರು ಸಲ.

ತಂಗಿ ಸ್ನಾನಕ್ಕೆ ಹೋಗಿದ್ದಳು. ಕೇಳಿಲ್ಲ. ನಾನೂ ಹೇಳಲಿಲ್ಲ. ಅವಳ ಗಂಡ ಡೆಲಿವರಿ ವ್ಯಾನ್ ಓಡಿಸುವವನು, ದಿನವಿಡೀ ರೇಡಿಯೋ. ನನ್ನ ದನಿ ಅವನಿಗೆ ಹನ್ನೆರಡು ವರ್ಷದಿಂದ ಗೊತ್ತು.

11:30

ಸ್ಟೇಷನ್ನಿಗೆ ಫೋನ್ ಮಾಡಿದೆ. ಭಾನುವಾರ ರಿಪೀಟ್ ಇದೆಯಂತೆ. ತೆಗೆಯಿರಿ ಅಂದೆ, ಯಾಕೆಂದೂ ಹೇಳಿದೆ. ಬಾಯಿಬಡುಕಿಯೇ ಲೈನಿಗೆ ಬಂದಳು.

"ತೆಗೆಸ್ತೀನಿ ಅಕ್ಕ. ಆದ್ರೆ ಬೆಳಿಗ್ಗೆ ಹೋಗಿದ್ದನ್ನ ವಾಪಸ್ ತರೋಕೆ ನನ್ನ ಕೈಲಾಗಲ್ಲ."

ಜೋಕ್ ಮಾಡದಾಗ ಅವಳದು ಬೇರೆಯೇ ದನಿ. ದಣಿದ ದನಿ.

ಮಾರ್ಚ್ 9, ಭಾನುವಾರ

ರಿಪೀಟ್ ಪೂರ್ತಿ ಕೇಳಿದೆ. ನನ್ನದು ಇರಲಿಲ್ಲ. ಹೇಳಿದಂತೆ ನಡೆದುಕೊಂಡಳು. ರೇಡಿಯೋಗೆ ಕಿವಿ ಅಂಟಿಸಿಕೊಂಡು ಕೂತಿದ್ದೀಯಲ್ಲ, ನಿಂಗೂ ಹುಚ್ಚು ಹತ್ತಿತಾ ಅಂತ ತಂಗಿ ಛೇಡಿಸಿದಳು.

ಬೀದಿಯಲ್ಲಿ ವ್ಯಾನ್ ನಿಂತರೆ ಪೆಡಲ್ ಮೇಲಿನ ಕಾಲೂ ನಿಲ್ಲುತ್ತದೆ. ಇವತ್ತು ಏಳು ವ್ಯಾನ್.

ಮಾರ್ಚ್ 12, ಬುಧವಾರ, ಬೆಳಿಗ್ಗೆ 10:50

ಮೂರು ದಿನದಿಂದ ರೇಡಿಯೋ ಹಾಕಿಲ್ಲ. ವಾರ್ತೆಯೂ ಬೇಡ. ಹೊರಗಿನ ಸದ್ದು ಕೇಳಿಸಬೇಕು.

ಹತ್ತಕ್ಕೆ ಒಬ್ಬ ಹೊಸ ಗಿರಾಕಿ. ಒಂದು ಪ್ಯಾಂಟ್, ಉದ್ದ ಅರ್ಧ ಇಂಚು ಕಮ್ಮಿ ಮಾಡಬೇಕಂತೆ. ತನ್ನದಲ್ಲ, ಜೊತೆ ಕೆಲಸ ಮಾಡುವವನದು. ನಾಲ್ಕಕ್ಕೆ ಅವನೇ ಬಂದು ತಗೊಳ್ಳುತ್ತಾನೆ ಅಂದ. ಮಾತಾಡುವಾಗ ಕಣ್ಣೆಲ್ಲ ಹಿಂದಿನ ರೂಮಿನ ಪರದೆ ಮೇಲೆ.

ಅವನು ಹೋದ ಮೇಲೆ ಅಂಚು ಬಿಚ್ಚು ಅಂತ ತಂಗಿಗೆ ಕೊಟ್ಟೆ. ಬಿಚ್ಚಲಿಲ್ಲ. ಹೆಬ್ಬೆರಳಿನಿಂದ ಸವರುತ್ತಾ ನಿಂತಳು.

"ಇದು ನಾನು ಹಾಕಿದ ಹೊಲಿಗೆ ಅಕ್ಕ."

ತಿರುಗಿಸಿ ನೋಡಿದೆ. ಹೌದು. ನಾಲ್ಕು ಸಣ್ಣ ಹೊಲಿಗೆ, ಆಮೇಲೊಂದು ಗಂಟು. ನಾನೇ ಕಲಿಸಿದ್ದು. ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರೂ ಹಾಗೆ ಹಾಕುವುದಿಲ್ಲ.

ಆಟೋ 11:15ಕ್ಕೆ, ಬಸ್ ಸ್ಟ್ಯಾಂಡಿಗೆ. ಅಲ್ಲಿಂದ ಬಸ್ಸು. ಶಟರ್ ಅರ್ಧ ಎಳೆದಿದ್ದೇನೆ. ತಂಗಿ ಬ್ಯಾಗ್ ತುಂಬುತ್ತಾ ಎರಡು ಸಲ ಕೇಳಿದಳು, ಅವನಿಗೆ ಹೇಗೆ ಗೊತ್ತಾಯ್ತು? ಪಕ್ಕದ ಗಡಿಯಾರ ರಿಪೇರಿಯವರು ಹೇಳಿದ್ರಾ? ಎರಡು ಸಲವೂ ಗೊತ್ತಿಲ್ಲ ಅಂದೆ. ಹೇಳಲೇಬೇಕು. ಬಾಯಿಗೆ ಬರುತ್ತಿಲ್ಲ, ಮೊದಲು ಇಲ್ಲಿ ಬರೆದು ನೋಡುತ್ತೇನೆ: ಹೋದ ಗುರುವಾರ ನೀನು ನಕ್ಕೆಯಲ್ಲ, ಆಗ ನಾನು