ನಿಧಾನ ಎಂದರೆ ಎಷ್ಟು ನಿಧಾನ

ಗದಗ, ಹದಿಮೂರನೆಯ ತಿಂಗಳ ಎರಡನೆಯ ದಿನ, 2291

ಎಂ.ಎಸ್ಸಿ. ಓದುತ್ತಿರುವ ಅಜ್ಜಿಗೆ,

ನೀವಿನ್ನೂ ಚಿಕ್ಕ ಹುಡುಗಿ, ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ಅಷ್ಟೊಂದು ತಲೆಮಾರು ಹಿಂದಿನವರನ್ನು ಬೇರೆ ಏನೆಂದು ಕರೆಯಲಿ? ನನ್ನ ಮಾತೂ ನಮ್ಮ ಹದಿಮೂರು ತಿಂಗಳ ಲೆಕ್ಕವೂ ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಮಡಿಕೆಗಾರ್ತಿ, ಅಂದರೆ ಪ್ರೋಟೀನಿನ ಮಡಿಕೆ ನೋಡುವವಳು. ನಿಮ್ಮ ಕಾಲದಲ್ಲಿ ಪ್ರೋಟೀನ್ ಜೀವರಸಾಯನ ವಿಜ್ಞಾನಿ ಎನ್ನುತ್ತಿದ್ದರಂತೆ. ಪ್ರೋಟೀನಿನ ಉದ್ದನೆಯ ಸರಪಳಿ ಹೇಗೆ ಮಡಚಿಕೊಂಡರೆ ಕೆಲಸ ಮಾಡುತ್ತದೆ ಎಂಬುದನ್ನು ಆಕಾರಯಂತ್ರವೇ ಚಿತ್ರ ಬಿಡಿಸಿ ತೋರಿಸುತ್ತದೆ. ಹನ್ನೆರಡನೆಯ ವಯಸ್ಸಿಗೇ ನಮ್ಮನ್ನು ಆರಿಸಿ ಆ ಚಿತ್ರಗಳ ಮುಂದೆ ಕೂರಿಸುತ್ತಾರೆ. ಪದವಿ ಬಂತು, ಕೆಲಸ ಬಂತು, ಬಡ್ತಿಯೂ ಬಂತು. ಯಂತ್ರ ಬಿಡಿಸಿದ್ದಕ್ಕೆ ಹ್ಞೂಂ ಅನ್ನುವುದೇ ಕೆಲಸ. ಪ್ರೋಟೀನನ್ನು ಗಾಜಿನ ಕೊಳವೆಯಲ್ಲಿ ಹಿಡಿದು ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ನೋಡಬೇಕೆಂದು ಅನಿಸಿಯೂ ಇರಲಿಲ್ಲ.

ನನ್ನ ಮಗಳು ಹಂಪವ್ವನಿಗೆ ನಾಲ್ಕು ವರ್ಷ. ಉಂಡದ್ದು ಅರಗಲು ಅವಳಿಗೆ ದಿನವೂ ಒಂದು ಪ್ರೋಟೀನ್ ಔಷಧ ಬೇಕು. ಈ ವರ್ಷ ಯಂತ್ರಗಳು ತಯಾರಿಸಿದ್ದು ಕೈಕೊಟ್ಟಿದೆ. ಆಕಾರ ಸರಿಯಿದೆ ಎಂದು ಯಂತ್ರ ಹೇಳುತ್ತಲೇ ಇದೆ, ಮಗು ಸೊರಗುತ್ತಲೇ ಇದೆ. ನನಗೆ ಹೆದರಿಕೆಯಾಗುತ್ತಿದೆ.

ಹಳೆಯ ಶೀತಲ ಪೆಟ್ಟಿಗೆಯೊಂದರಲ್ಲಿ ಕೆಡದೆ ಉಳಿದ ಆ ಔಷಧದ ಪುಡಿ ಎರಡು ಕೊಳವೆ ಸಿಕ್ಕಿತು. ಅದನ್ನು ಕರಗಿಸಿ ಹೊಸದರ ಪಕ್ಕ ಇಟ್ಟು ನೋಡಿದರೆ ತಪ್ಪು ಎಲ್ಲಿದೆ ಎಂದು ತಿಳಿಯಬೇಕು. ನಮ್ಮ ಗುರುಗಳು ಶಿವಪುತ್ರಪ್ಪನವರು ಮೊದಲನೆಯದಕ್ಕೆ ನೀರು ಹಾಕಿ, "ಕರಗಬೇಕಂದ್ರ ಜೋರ ಕುಲುಕಬೇಕಲ್ಲವಾ" ಎಂದು ಮಜ್ಜಿಗೆ ಕಡೆದ ಹಾಗೆ ಕುಲುಕಿಬಿಟ್ಟರು. ನೊರೆ ಎದ್ದಿತು. ನೋಡನೋಡುತ್ತಿದ್ದಂತೆ ಮಡಿಕೆ ಬಿಚ್ಚಿಹೋಗಿ ಔಷಧವೆಲ್ಲ ಕೆಟ್ಟು ಬಿಳಿಯ ಗರಣೆಯಾಗಿ ತಳಕ್ಕೆ ಕೂತಿತು. ಚಿತ್ರದಲ್ಲಿ ನೊರೆ ಇರುವುದಿಲ್ಲವಲ್ಲ! ಅಷ್ಟು ದೊಡ್ಡ ಮನುಷ್ಯ ಕೊಳವೆ ಹಿಡಿದುಕೊಂಡೇ ಅತ್ತರು.

ಇನ್ನೊಂದು ಕೊಳವೆ ಉಳಿದಿದೆ. ನಿಮ್ಮ ಕಾಲದ ಬರಹಗಳನ್ನೆಲ್ಲ ತಡಕಿದೆ. ನಿಧಾನವಾಗಿ ಕಲಕಿರಿ ಎಂದಷ್ಟೇ ಬರೆದಿದ್ದೀರಿ. ನಿಧಾನ ಎಂದರೆ ಎಷ್ಟು ನಿಧಾನ, ಅಜ್ಜೀ? ನಿಮ್ಮ ಕೈಗೆ ಅದು ಗೊತ್ತಿತ್ತು. ಹಾಗಾಗಿ ಬರೆಯಬೇಕೆಂದು ನಿಮಗೆ ಹೊಳೆಯಲೇ ಇಲ್ಲ.

ಯಂತ್ರ ಬಂತು, ಇನ್ನು ಈ ಕೈಕೆಲಸ ಯಾಕೆ ಎಂದು ಪ್ರಯೋಗಾಲಯ ಬಿಡುವ ಯೋಚನೆ ನಿಮಗೂ ಬಂದಿರಬಹುದು. ಬಿಡುವ ಮುನ್ನ ಒಬ್ಬಳ ಕೈ ಹಿಡಿದು ಕೊಳವೆ ತಿರುಗಿಸುವುದನ್ನು ಕಲಿಸಿ. ಅವಳು ಇನ್ನೊಬ್ಬಳಿಗೆ ಕಲಿಸಲಿ. ಹಾಗೇ ಅದು ನನ್ನವರೆಗೆ ಬರಲಿ.

ನಾಳೆ ಬೆಳಿಗ್ಗೆ ಎರಡನೆಯ ಕೊಳವೆಗೆ ನೀರು ಹಾಕುತ್ತೇನೆ.

ನಿಮ್ಮ
ಗಂಗವ್ವ